ಅಥೆನ್ಸಿನಲ್ಲಿ ಅಧಿಕಾರ ಚೀಟಿಯಿಂದ ಬರುತ್ತಿತ್ತು: ಗ್ರೀಕರ ಪ್ರಜಾಪ್ರಭುತ್ವ ಹುಟ್ಟಿ ಬೆಳೆದ ಬಗೆ

2016ರಲ್ಲಿ ಐರ್ಲೆಂಡಿನಲ್ಲಿ 99 ಜನ ಸಾಮಾನ್ಯರನ್ನು ಒಂದೆಡೆ ಕೂರಿಸಿ, ಗರ್ಭಪಾತದ ಕಾನೂನು ಹೇಗಿರಬೇಕು ಎಂದು ಚರ್ಚೆ ಮಾಡಿಸಿದರು. ಈ 99 ಜನ ಯಾರೂ ಚುನಾವಣೆಗೆ ನಿಂತವರಲ್ಲ. ವಯಸ್ಸು, ಊರು, ಗಂಡು-ಹೆಣ್ಣು ಎಲ್ಲವೂ ದೇಶದ ಜನರಿಗೆ ಹೊಂದುವಂತೆ ನೋಡಿಕೊಂಡು ಅವರನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರು. ಅವರು ತಿಂಗಳುಗಟ್ಟಲೆ ತಜ್ಞರ ಮಾತು ಕೇಳಿ ಶಿಫಾರಸು ಕೊಟ್ಟರು. 2018ರಲ್ಲಿ ಜನಮತ ನಡೆದು ಸಂವಿಧಾನವೇ ಬದಲಾಯಿತು. ಫ್ರಾನ್ಸ್ ಕೂಡ 2019ರಲ್ಲಿ ಹವಾಮಾನದ ವಿಷಯಕ್ಕೆ ಇದೇ ರೀತಿ 150 ಜನರನ್ನು ಕೂಡಿಸಿತು.

ಇದನ್ನು ಹೊಸ ಪ್ರಯೋಗ ಅಂತ ತುಂಬಾ ಜನ ಬರೆದರು. ಆದರೆ ಇದು ಸುಮಾರು 2,500 ವರ್ಷ ಹಳೆಯದು. ಪ್ರಜಾಪ್ರಭುತ್ವ ಹುಟ್ಟಿದ್ದು ಪ್ರಾಚೀನ ಗ್ರೀಸಿನಲ್ಲಿ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ಒಂದು ಸಾಲು ಓದಿದವರಿಗೆ ಗ್ರೀಕರು ಸಾಲಾಗಿ ನಿಂತು ಓಟು ಹಾಕಿ ನಾಯಕರನ್ನು ಆರಿಸುತ್ತಿದ್ದರು ಅನಿಸುತ್ತದೆ, ಅಲ್ವಾ? ಗ್ರೀಕರ ಲೆಕ್ಕ ಬೇರೆಯೇ ಇತ್ತು. ಅಧಿಕಾರಿಗಳನ್ನು ಚೀಟಿ ಎತ್ತಿ ನೇಮಿಸಿದರೆ ಅದು ಪ್ರಜಾಪ್ರಭುತ್ವ, ಚುನಾವಣೆ ಮಾಡಿ ನೇಮಿಸಿದರೆ ಅದು ಕೆಲವರ ಆಳ್ವಿಕೆ ಎಂಬುದು ಸಾಮಾನ್ಯ ಅಭಿಪ್ರಾಯ ಎಂದು ಅರಿಸ್ಟಾಟಲ್ ನೇರವಾಗಿ ಬರೆದಿದ್ದಾನೆ. ಹಾಗೆ ಯಾಕೆ ಅಂದುಕೊಂಡರು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

## ಪೊಲಿಸ್: ಚಿಕ್ಕ ಊರು, ಪೂರ್ತಿ ರಾಜ್ಯ

ಆಗ ಗ್ರೀಸ್ ಎಂಬ ಒಂದು ದೇಶ ಇರಲಿಲ್ಲ. ಬೆಟ್ಟಗಳ ನಡುವಿನ ಚೂರುಪಾರು ಬಯಲು, ಕೊಲ್ಲಿಗಳು, ದ್ವೀಪಗಳು. ಅಲ್ಲೆಲ್ಲ ಸಾವಿರಕ್ಕೂ ಹೆಚ್ಚು ಪುಟ್ಟ ರಾಜ್ಯಗಳಿದ್ದವು. ಒಂದೊಂದನ್ನೂ ಪೊಲಿಸ್ ಎನ್ನುತ್ತಿದ್ದರು. ಒಂದು ಪಟ್ಟಣ, ಅದರ ಸುತ್ತಲಿನ ಹೊಲ ಮತ್ತು ಹಳ್ಳಿ, ಇಷ್ಟು ಸೇರಿದರೆ ಒಂದು ಪೊಲಿಸ್. ಅದಕ್ಕೆ ತನ್ನದೇ ಕಾನೂನು, ತನ್ನದೇ ಸೈನ್ಯ, ತನ್ನದೇ ದೇವರ ಹಬ್ಬ. ಹೆಚ್ಚಿನವುಗಳಲ್ಲಿ ಕೆಲವೇ ಸಾವಿರ ಜನ. ಅಥೆನ್ಸ್ ಇವುಗಳಲ್ಲಿ ತೀರಾ ದೊಡ್ಡದು. ಅದರ ನಾಡಾದ ಅಟ್ಟಿಕದ ವಿಸ್ತೀರ್ಣ ಸುಮಾರು 2,500 ಚದರ ಕಿಲೋಮೀಟರ್.

ಚಿಕ್ಕದಾಗಿದ್ದರಿಂದ ಎರಡು ಪರಿಣಾಮ ಆಯಿತು. ಮೊದಲನೆಯದು, ಜನ ಒಂದೇ ಜಾಗದಲ್ಲಿ ಸೇರಿ ಮಾತಾಡಬಹುದಿತ್ತು. ಎರಡನೆಯದು, ಸಂಬಳದ ಸೈನ್ಯ ಇರಲಿಲ್ಲ. ಸ್ವಂತ ದುಡ್ಡಿನಲ್ಲಿ ಗುರಾಣಿ, ಈಟಿ, ಕಂಚಿನ ಶಿರಸ್ತ್ರಾಣ ಕೊಳ್ಳಲು ಆಗುವ ರೈತನೇ ಯುದ್ಧಕ್ಕೆ ಹೋಗುತ್ತಿದ್ದ. ಭುಜಕ್ಕೆ ಭುಜ ತಾಗಿಸಿ ಸಾಲಿನಲ್ಲಿ ನಿಂತು ಹೋರಾಡಿದವನು ಮನೆಗೆ ಬಂದ ಮೇಲೆ ನನ್ನ ಮಾತಿಗೂ ಬೆಲೆ ಬೇಕು ಅನ್ನುತ್ತಾನೆ. ಯುದ್ಧ ಮಾಡುವವರು ಯಾರೋ ಅವರ ಕೈಗೆ ಅಧಿಕಾರ ಜಾರುತ್ತಾ ಹೋಗುವುದನ್ನು ಈ ಕಥೆಯ ಉದ್ದಕ್ಕೂ ನೋಡಬಹುದು.

ಅಧಿಕಾರಕ್ಕೆ ಕಡಿವಾಣ ಹಾಕುವ ಆಲೋಚನೆ ಅಥೆನ್ಸಿಗಿಂತ ಮುಂಚೆಯೇ ಬೇರೆ ಕಡೆ ಕಾಣುತ್ತದೆ. ಕ್ರೀಟ್ ದ್ವೀಪದ ಡ್ರೆರೋಸ್ ಎಂಬ ಪುಟ್ಟ ಊರಿನಲ್ಲಿ ಅಪೊಲೊ ದೇವಸ್ಥಾನದ ಬಳಿ ಕಲ್ಲಿನ ಮೇಲೆ ಕೆತ್ತಿದ ಒಂದು ಕಾನೂನು ಸಿಕ್ಕಿದೆ. ಸುಮಾರು ಕ್ರಿ.ಪೂ. 650ರದ್ದು. ಒಮ್ಮೆ ಮುಖ್ಯ ಅಧಿಕಾರಿ ಆದವನು ಹತ್ತು ವರ್ಷ ಮತ್ತೆ ಆ ಹುದ್ದೆಗೆ ಬರಬಾರದು, ಬಂದರೆ ಅವನು ವಿಧಿಸಿದ ದಂಡದ ಎರಡರಷ್ಟನ್ನು ಅವನೇ ಕಟ್ಟಬೇಕು ಎಂದು ಅದರಲ್ಲಿದೆ. ಕಲ್ಲಿನಲ್ಲಿ ಉಳಿದಿರುವ ಗ್ರೀಕ್ ಕಾನೂನುಗಳಲ್ಲಿ ತೀರಾ ಹಳೆಯವುಗಳ ಸಾಲಿಗೆ ಇದು ಸೇರುತ್ತದೆ. ಕುರ್ಚಿ ಬಿಡದವನ ಸಮಸ್ಯೆ ಆಗಲೇ ಇತ್ತು.

## ಒಬ್ಬ, ಕೆಲವರು, ಎಲ್ಲರು

ಯಾರು ಆಳಬೇಕು ಎಂಬ ಪ್ರಶ್ನೆಗೆ ಗ್ರೀಕರು ಎಲ್ಲ ಉತ್ತರಗಳನ್ನೂ ಪ್ರಯತ್ನಿಸಿ ನೋಡಿದರು. ಹಳೆಯ ಕಾಲದಲ್ಲಿ ರಾಜರಿದ್ದರು. ನಂತರ ಹೆಚ್ಚಿನ ಕಡೆ ರಾಜರು ಹೋಗಿ ಕೆಲವು ದೊಡ್ಡ ಮನೆತನಗಳು ಅಧಿಕಾರ ಹಂಚಿಕೊಂಡವು. ಮನೆತನದ, ಯೋಗ್ಯರ ಆಡಳಿತ ಎಂದು ಹೇಳಿಕೊಂಡರೆ ಅದು ಅರಿಸ್ಟೋಕ್ರಸಿ. ಸುಮ್ನೆ ದುಡ್ಡಿದ್ದ ಕೆಲವರ ಆಡಳಿತವಾದರೆ ಒಲಿಗಾರ್ಕಿ.

ಈ ಮನೆತನಗಳ ಹಿಡಿತ ಮುರಿದವರು ಟೈರಂಟ್‌ಗಳು. ಇವತ್ತು ಆ ಮಾತು ಕೇಳಿದರೆ ಕ್ರೂರಿ ಎಂಬ ಅರ್ಥ ಬರುತ್ತದೆ. ಮೊದಲಿಗೆ ಅದಕ್ಕೆ ಇದ್ದ ಅರ್ಥ ಕ್ರಮವಿಲ್ಲದೆ ಅಧಿಕಾರ ಹಿಡಿದವನು ಎಂದಷ್ಟೇ. ಕೊರಿಂಥ್‌ನಲ್ಲಿ ಬ್ಯಾಕಿಯಾಡ್ ಎಂಬ ಕುಲ ತಮ್ಮ ತಮ್ಮಲ್ಲೇ ಮದುವೆ ಮಾಡಿಕೊಂಡು, ಹೊರಗಿನವರನ್ನು ಸೇರಿಸದೆ ಆಳುತ್ತಿತ್ತು. ಸುಮಾರು ಕ್ರಿ.ಪೂ. 657ರಲ್ಲಿ ಸಿಪ್ಸೆಲಸ್ ಎಂಬಾತ ಅವರನ್ನು ಓಡಿಸಿದ. ಜನಬೆಂಬಲ ಎಷ್ಟಿತ್ತೆಂದರೆ ಅವನು ಅಂಗರಕ್ಷಕರನ್ನೇ ಇಟ್ಟುಕೊಂಡಿರಲಿಲ್ಲ ಎಂದು ಅರಿಸ್ಟಾಟಲ್ ಹೇಳುತ್ತಾನೆ. ಟೈರಂಟ್‌ಗಳ ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ಆ ಬೆಂಬಲ ಕರಗಿಹೋಗುತ್ತಿತ್ತು.

ಸ್ಪಾರ್ಟಾ ಈ ಯಾವ ಪೆಟ್ಟಿಗೆಗೂ ಸರಿಯಾಗಿ ಕೂರುವುದಿಲ್ಲ. ಅಲ್ಲಿ ಒಬ್ಬರಲ್ಲ, ಇಬ್ಬರು ರಾಜರು. ಅವರ ಜೊತೆಗೆ 60 ದಾಟಿದ 28 ಹಿರಿಯರ ಮಂಡಳಿ. ರಾಜರ ಮೇಲೆ ಕಣ್ಣಿಡಲು ವರ್ಷಕ್ಕೊಮ್ಮೆ ಆರಿಸುವ ಐವರು ಎಫರ್‌ಗಳು. ಹಿರಿಯರ ಆಯ್ಕೆಯನ್ನು ಪ್ಲುಟಾರ್ಕ್ ಎಂಬ ಗ್ರೀಕ್ ಲೇಖಕ ಹೀಗೆ ವಿವರಿಸುತ್ತಾನೆ: ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಸಭೆಯ ಮುಂದೆ ನಡೆದುಹೋಗುತ್ತಾರೆ, ಜನ ಕೂಗುತ್ತಾರೆ. ಪಕ್ಕದ ಮುಚ್ಚಿದ ಕೋಣೆಯಲ್ಲಿ ಕುಳಿತ ತೀರ್ಪುಗಾರರಿಗೆ ಬಂದವರು ಯಾರೆಂದು ಕಾಣಿಸುವುದಿಲ್ಲ, ಸದ್ದು ಮಾತ್ರ ಕೇಳಿಸುತ್ತದೆ. ಯಾರಿಗೆ ಕೂಗು ಜೋರಾಗಿತ್ತೋ ಅವರು ಗೆದ್ದರು. ಇಷ್ಟೆಲ್ಲ ಇದ್ದರೂ ಸ್ಪಾರ್ಟಾದ ನಾಗರಿಕರು ಹೊಲದಲ್ಲಿ ಕೆಲಸ ಮಾಡುತ್ತಿರಲಿಲ್ಲ. ಅವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಇದ್ದ ಹೆಲೋಟ್ ಎಂಬ ಜೀತದ ಜನ ಉತ್ತು ಬಿತ್ತಿ ಅವರನ್ನು ಸಾಕುತ್ತಿದ್ದರು.

ಇತಿಹಾಸಕಾರ ಹೆರೊಡೊಟಸ್ ಮೂವರು ಪರ್ಷಿಯನ್ನರ ನಡುವೆ ನಡೆದ ವಾದ ಎಂದು ಒಂದು ಪ್ರಸಂಗ ಬರೆದಿದ್ದಾನೆ. ಒಬ್ಬ ರಾಜನ ಪರ, ಒಬ್ಬ ಕೆಲವರ ಪರ, ಓಟಾನೀಸ್ ಎಂಬುವನು ಜನರ ಪರ. ಮಾತು ಪರ್ಷಿಯನ್ನರ ಬಾಯಲ್ಲಿದ್ದರೂ ಆಲೋಚನೆ ಗ್ರೀಕರದ್ದೇ. ಓಟಾನೀಸ್ ಜನರ ಆಳ್ವಿಕೆಗೆ ಮೂರು ಗುರುತು ಹೇಳುತ್ತಾನೆ: ಹುದ್ದೆಗಳು ಚೀಟಿಯಿಂದ ಸಿಗಬೇಕು, ಹುದ್ದೆಯಲ್ಲಿದ್ದವನು ಲೆಕ್ಕ ಒಪ್ಪಿಸಬೇಕು, ತೀರ್ಮಾನಗಳೆಲ್ಲ ಸಭೆಯ ಮುಂದೆ ಬರಬೇಕು. ಚುನಾವಣೆಯ ಸುದ್ದಿಯೇ ಅಲ್ಲಿಲ್ಲ. ಈ ಮೂರನ್ನು ನೆನಪಿನಲ್ಲಿಟ್ಟುಕೊಂಡರೆ ಅಥೆನ್ಸ್ ಅರ್ಥವಾಗುತ್ತದೆ.

## ಶುರುವಾದದ್ದು ಸಾಲದಿಂದ

ಕ್ರಿ.ಪೂ. 600ರ ಆಸುಪಾಸಿನಲ್ಲಿ ಅಥೆನ್ಸಿನ ಬಡ ರೈತರು ಸಾಲದಲ್ಲಿ ಮುಳುಗಿದ್ದರು. ಬೆಳೆಯ ಪಾಲನ್ನು ಸಾಹುಕಾರನಿಗೆ ಕೊಡಬೇಕು. ಕೊಡದಿದ್ದರೆ ರೈತನ ಮೈಯೇ ಅಡಮಾನ. ಅವನನ್ನೂ ಹೆಂಡತಿ ಮಕ್ಕಳನ್ನೂ ಗುಲಾಮರಾಗಿ ಮಾರಬಹುದಿತ್ತು. ಊರು ಒಡೆದು ಹೊಡೆದಾಟಕ್ಕೆ ಬಂದಾಗ ಎರಡೂ ಕಡೆಯವರು ಒಪ್ಪಿ ಕ್ರಿ.ಪೂ. 594ರಲ್ಲಿ ಸೋಲನ್ ಎಂಬುವನಿಗೆ ಪೂರ್ತಿ ಅಧಿಕಾರ ಕೊಟ್ಟರು.

ಸೋಲನ್ ಕವಿಯೂ ಹೌದು. ತಾನು ಮಾಡಿದ ಕೆಲಸವನ್ನು ಪದ್ಯದಲ್ಲೇ ಹೇಳಿದ್ದಾನೆ. ಹೊಲಗಳಲ್ಲಿ ನೆಟ್ಟಿದ್ದ ಅಡಮಾನದ ಕಲ್ಲುಗಳನ್ನು ಕಿತ್ತೆ, ಗುಲಾಮಳಾಗಿದ್ದ ಕಪ್ಪು ಮಣ್ಣನ್ನು ಬಿಡಿಸಿದೆ, ಪರದೇಶಕ್ಕೆ ಮಾರಿಹೋಗಿದ್ದವರನ್ನು ಮನೆಗೆ ಕರೆತಂದೆ ಎನ್ನುತ್ತಾನೆ. ಅವರಲ್ಲಿ ಕೆಲವರು ಅಲೆದು ಅಲೆದು ತಮ್ಮ ನಾಡಿನ ಮಾತನ್ನೇ ಮರೆತಿದ್ದರಂತೆ. ಸರ್ಕಾರದ ಇತಿಹಾಸದಲ್ಲಿ ಇಷ್ಟು ಮನ ಕಲಕುವ ಸಾಲು ಸಿಗುವುದು ಅಪರೂಪ.

ಇನ್ನು ಮುಂದೆ ಮನುಷ್ಯನನ್ನು ಒತ್ತೆ ಇಟ್ಟು ಸಾಲ ಕೊಡುವಂತಿಲ್ಲ ಎಂದು ಅವನು ಕಾನೂನು ಮಾಡಿದ. ಅನ್ಯಾಯ ಯಾರಿಗೇ ಆಗಿರಲಿ, ಅವರ ಪರವಾಗಿ ಯಾವ ನಾಗರಿಕ ಬೇಕಾದರೂ ಮೊಕದ್ದಮೆ ಹೂಡಬಹುದು ಎಂದ. ಅಧಿಕಾರಿಯ ತೀರ್ಪು ಒಪ್ಪಿಗೆಯಾಗದಿದ್ದರೆ ಜನರ ನ್ಯಾಯಾಲಯಕ್ಕೆ ಹೋಗುವ ದಾರಿ ತೆರೆದ. ಹುದ್ದೆಗಳಿಗೆ ಮಾತ್ರ ಆಸ್ತಿಯ ಮಿತಿ ಇಟ್ಟ. ವರ್ಷಕ್ಕೆ 500 ಅಳತೆ ಬೆಳೆಯುವವರು, 300 ಬೆಳೆಯುವವರು, 200 ಬೆಳೆಯುವವರು, ಅದಕ್ಕೂ ಕೆಳಗಿನವರು ಎಂದು ನಾಲ್ಕು ವರ್ಗ. ಕೊನೆಯ ವರ್ಗದವರಿಗೆ ಸಭೆಯಲ್ಲಿ ಮತ್ತು ನ್ಯಾಯಾಲಯದಲ್ಲಿ ಜಾಗ ಸಿಕ್ಕಿತು, ಹುದ್ದೆ ಸಿಗಲಿಲ್ಲ. ಆದರೂ ಇದು ದೊಡ್ಡ ಬದಲಾವಣೆ. ಅಲ್ಲಿಯವರೆಗೆ ಹುಟ್ಟಿದ ಮನೆತನ ನೋಡುತ್ತಿದ್ದವರು ಈಗ ಬೆಳೆಯ ಲೆಕ್ಕ ನೋಡಿದರು. ಬೆಳೆ ಹೆಚ್ಚಬಹುದು, ಮನೆತನ ಬದಲಾಗುವುದಿಲ್ಲ.

ಸೋಲನ್ ಹೋದ ಮೇಲೆ ಮತ್ತೆ ಜಗಳ. ಪೈಸಿಸ್ಟ್ರಾಟಸ್ ಟೈರಂಟ್ ಆದ, ಅವನ ನಂತರ ಮಗ ಹಿಪ್ಪಿಯಸ್. ತಂದೆ ರೈತರಿಗೆ ಸಾಲ ಕೊಟ್ಟ, ಹಳ್ಳಿಗಳಿಗೆ ನ್ಯಾಯಾಧೀಶರನ್ನು ಕಳಿಸಿದ, ಒಳ್ಳೆಯ ಹೆಸರು ಪಡೆದ. ಮಗ ಕಠೋರನಾದ. ಕ್ರಿ.ಪೂ. 510ರಲ್ಲಿ ಸ್ಪಾರ್ಟಾದ ಸೈನ್ಯದ ನೆರವಿನಿಂದ ಅವನನ್ನು ಓಡಿಸಿದರು.

## ನಾಯಕ ಊರಲ್ಲಿಲ್ಲದಾಗ ಜನ ಎದ್ದರು

ಪ್ರಜಾಪ್ರಭುತ್ವಕ್ಕೆ ಹುಟ್ಟುಹಬ್ಬ ಅಂತ ಒಂದು ಬೇಕಿದ್ದರೆ ಅದು ಕ್ರಿ.ಪೂ. 508-507ರಲ್ಲಿದೆ. ಕ್ಲೈಸ್ತನೀಸ್ ಮತ್ತು ಇಸಾಗೊರಸ್ ಎಂಬ ಇಬ್ಬರು ಶ್ರೀಮಂತರ ನಡುವೆ ಪೈಪೋಟಿ. ಸೋಲುತ್ತಿದ್ದ ಕ್ಲೈಸ್ತನೀಸ್ ಸಾಮಾನ್ಯ ಜನರನ್ನು ತನ್ನ ಕಡೆ ಸೇರಿಸಿಕೊಂಡ. ಇಸಾಗೊರಸ್ ಸ್ಪಾರ್ಟಾದ ರಾಜ ಕ್ಲಿಯೊಮಿನೀಸ್‌ನನ್ನು ಕರೆಸಿದ. ಕ್ಲೈಸ್ತನೀಸ್ ಊರು ಬಿಟ್ಟ. ಕ್ಲಿಯೊಮಿನೀಸ್ ಬಂದು 700 ಕುಟುಂಬಗಳನ್ನು ಹೊರಹಾಕಿ, ಮಂಡಳಿಯನ್ನು ವಿಸರ್ಜಿಸಿ, ಇಸಾಗೊರಸ್‌ನ 300 ಬೆಂಬಲಿಗರಿಗೆ ಅಧಿಕಾರ ಕೊಡಲು ಹೊರಟ.

ಮಂಡಳಿ ಒಪ್ಪಲಿಲ್ಲ. ಕ್ಲಿಯೊಮಿನೀಸ್ ಮತ್ತು ಇಸಾಗೊರಸ್ ಅಕ್ರೊಪೊಲಿಸ್ ಬೆಟ್ಟ ಹತ್ತಿ ಅದನ್ನು ಹಿಡಿದುಕೊಂಡರು. ಅಥೆನ್ಸಿನ ಜನ ಒಟ್ಟಾಗಿ ಬೆಟ್ಟವನ್ನು ಮುತ್ತಿದರು. ಎರಡು ದಿನ ಮುತ್ತಿಗೆ. ಮೂರನೇ ದಿನ ಸ್ಪಾರ್ಟಾದವರು ಒಪ್ಪಂದ ಮಾಡಿಕೊಂಡು ಹೊರಟುಹೋದರು. ಈ ಹೊತ್ತಿನಲ್ಲಿ ಕ್ಲೈಸ್ತನೀಸ್ ಊರಲ್ಲೇ ಇರಲಿಲ್ಲ. ಜನರನ್ನು ಮುನ್ನಡೆಸಿದವರು ಯಾರು ಎಂದು ಹೆರೊಡೊಟಸ್ ಒಂದು ಹೆಸರನ್ನೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದೇ ಮುಖ್ಯ ಘಟನೆ. ಯಾರೋ ದಯೆಯಿಂದ ಕೊಟ್ಟ ಪ್ರಜಾಪ್ರಭುತ್ವ ಇದಲ್ಲ.

ವಾಪಸು ಬಂದ ಕ್ಲೈಸ್ತನೀಸ್ ಮಾಡಿದ ಬದಲಾವಣೆ ಮೇಲ್ನೋಟಕ್ಕೆ ಬರೀ ಗಡಿ ಬದಲಾವಣೆ. ಅಟ್ಟಿಕದ ಹಳ್ಳಿ, ಕೇರಿಗಳನ್ನು ಡೀಮ್ ಎಂಬ ಸುಮಾರು 139 ಘಟಕಗಳಾಗಿ ಗುರುತಿಸಿದ. ಅವುಗಳನ್ನು 30 ಗುಂಪು ಮಾಡಿದ: ಪೇಟೆಯವು ಹತ್ತು, ಕರಾವಳಿಯವು ಹತ್ತು, ಒಳನಾಡಿನವು ಹತ್ತು. ಆಮೇಲೆ ಮೂರೂ ಕಡೆಯಿಂದ ಒಂದೊಂದು ಗುಂಪು ತೆಗೆದು ಜೋಡಿಸಿ ಹತ್ತು ಹೊಸ ಬಣ ಕಟ್ಟಿದ. ನಮ್ಮಲ್ಲಿ ಮಲ್ಪೆಯ ಮೀನುಗಾರರು, ತೀರ್ಥಹಳ್ಳಿಯ ಅಡಿಕೆ ಬೆಳೆಗಾರರು, ದಾವಣಗೆರೆಯ ಅಂಗಡಿಯವರು ಮೂವರನ್ನೂ ಸೇರಿಸಿ ಒಂದೇ ಕ್ಷೇತ್ರ ಮಾಡಿದರೆ ಹೇಗಿರುತ್ತದೋ ಹಾಗೆ. ಅಂಥ ಕ್ಷೇತ್ರದಲ್ಲಿ ಒಂದು ಊರಿನ ದೊಡ್ಡ ಮನೆಯವರ ಮಾತು ಮಾತ್ರ ನಡೆಯುವುದಿಲ್ಲ. ಈ ಬಣದವರು ಯುದ್ಧದಲ್ಲಿ ಒಂದೇ ಸಾಲಿನಲ್ಲಿ ನಿಂತರು, ಮಂಡಳಿಯಲ್ಲಿ ಒಟ್ಟಿಗೆ ಕುಳಿತರು, ಹಬ್ಬದಲ್ಲಿ ಒಟ್ಟಿಗೆ ಹಾಡಿದರು. ನಿಧಾನಕ್ಕೆ ಹಳೆಯ ಮನೆತನಗಳ ಜಾಲ ಸಡಿಲವಾಯಿತು. ಪ್ರತಿ ಬಣದಿಂದ 50 ಜನರಂತೆ 500 ಜನರ ಹೊಸ ಮಂಡಳಿಯೂ ಬಂತು.

## ಹುಟ್ಟು ಹಾಕಿದವರ ಪಾಲು

ಇನ್ನೂ ಬಡವರಿಗೆ ಪೂರ್ತಿ ಪಾಲು ಸಿಕ್ಕಿರಲಿಲ್ಲ. ಅದನ್ನು ಕೊಡಿಸಿದ್ದು ಸಮುದ್ರ. ಕ್ರಿ.ಪೂ. 483ರಲ್ಲಿ ಲಾರಿಯನ್ ಗಣಿಯಲ್ಲಿ ಬೆಳ್ಳಿ ಹೇರಳವಾಗಿ ಸಿಕ್ಕಿತು. ತಲೆಗಿಷ್ಟು ಅಂತ ಹಂಚಿಕೊಳ್ಳೋಣ ಎಂಬ ಮಾತು ಬಂತು. ಥೆಮಿಸ್ಟೊಕ್ಲೀಸ್ ಎಂಬ ನಾಯಕ ಜನರನ್ನು ಒಪ್ಪಿಸಿ ಆ ದುಡ್ಡಿನಲ್ಲಿ ಯುದ್ಧನೌಕೆಗಳನ್ನು ಕಟ್ಟಿಸಿದ. ಮೂರು ವರ್ಷದ ನಂತರ ಸಲಾಮಿಸ್‌ನಲ್ಲಿ ಆ ನೌಕೆಗಳೇ ಪರ್ಷಿಯನ್ನರ ಭಾರಿ ಪಡೆಯನ್ನು ಸೋಲಿಸಿದವು.

ಒಂದೊಂದು ನೌಕೆಗೆ ಹುಟ್ಟು ಹಾಕಲು 170 ಜನ ಬೇಕು. ಹುಟ್ಟು ಹಾಕಲು ಕಂಚಿನ ಕವಚ ಬೇಡ, ತೋಳಿನ ಬಲ ಸಾಕು. ಹಾಗಾಗಿ ಸೋಲನ್ನನ ಕೊನೆಯ ವರ್ಗದವರೇ ಈಗ ಊರಿನ ರಕ್ಷಕರಾದರು. ಕ್ರಿ.ಪೂ. 462-461ರಲ್ಲಿ ಎಫಿಯಾಲ್ಟೀಸ್ ಎಂಬ ನಾಯಕ ಹಳೆಯ ಶ್ರೀಮಂತರ ಅರಿಯೊಪಾಗಸ್ ಮಂಡಳಿಯ ಅಧಿಕಾರಗಳನ್ನು ಕಿತ್ತು ಸಭೆಗೂ ನ್ಯಾಯಾಲಯಗಳಿಗೂ ಹಂಚಿದ. ಸ್ವಲ್ಪ ದಿನದಲ್ಲೇ ಅವನ ಕೊಲೆಯಾಯಿತು. ಅವನ ಜೊತೆಗಾರ ಪೆರಿಕ್ಲೀಸ್ ನ್ಯಾಯಾಲಯದಲ್ಲಿ ಕೂರುವವರಿಗೆ ದಿನಗೂಲಿ ಕೊಡಿಸಿದ. ಇದು ಚಿಕ್ಕ ವಿಷಯ ಅನಿಸಬಹುದು. ಆದರೆ ಕೂಲಿ ಬಿಟ್ಟು ಬಂದರೆ ಒಲೆ ಉರಿಯದವನಿಗೆ ಕೂಲಿ ಕೊಡದ ಹಕ್ಕು ಕಾಗದದ ಮೇಲಿನ ಹಕ್ಕು.

## ಬೆಟ್ಟದ ಮೇಲಿನ ಸಭೆ

ನಗರದ ಪಶ್ಚಿಮಕ್ಕೆ ನಿಕ್ಸ್ ಎಂಬ ಗುಡ್ಡ. ಅದರ ಇಳಿಜಾರಿನಲ್ಲಿ ಸಭೆ ಸೇರುತ್ತಿತ್ತು. ಸುಮಾರು 6,000 ಜನ ಹಿಡಿಸುವ ಜಾಗ. ಕ್ರಿ.ಪೂ. 4ನೇ ಶತಮಾನದಲ್ಲಿ ವರ್ಷಕ್ಕೆ 40 ಸಭೆ. ವಯಸ್ಕನಾದ ಯಾವ ಗಂಡು ನಾಗರಿಕನೂ ಬರಬಹುದು. ಸಾರುವವನು ಎದ್ದುನಿಂತು ಕೇಳುತ್ತಿದ್ದ: ಯಾರು ಮಾತಾಡಲು ಬಯಸುತ್ತೀರಿ? ಯಾರು ಬೇಕಾದರೂ ಎದ್ದು ಮಾತಾಡಬಹುದಿತ್ತು. ಯುದ್ಧ, ಶಾಂತಿ, ತೆರಿಗೆ, ಧಾನ್ಯದ ಸರಬರಾಜು, ದೇವಸ್ಥಾನದ ಖರ್ಚು, ಎಲ್ಲವೂ ಅಲ್ಲೇ ಕೈ ಎತ್ತಿ ತೀರ್ಮಾನ. ಸಂತೆಯಲ್ಲಿ ಹರಟೆ ಹೊಡೆಯುತ್ತಾ ಸಭೆಗೆ ಬಾರದವರನ್ನು ಕೆಂಪು ಬಣ್ಣ ಹಚ್ಚಿದ ಹಗ್ಗ ಹಿಡಿದು ಒತ್ತರಿಸಿಕೊಂಡು ಬರುತ್ತಿದ್ದರು ಎಂದು ಆ ಕಾಲದ ಒಂದು ನಾಟಕದಿಂದ ತಿಳಿಯುತ್ತದೆ. ಬಟ್ಟೆಗೆ ಬಣ್ಣ ತಗುಲಿದರೆ ಸಿಕ್ಕಿಬಿದ್ದ ಹಾಗೆ.

ಅಷ್ಟು ಜನ ಸುಮ್ನೆ ಸೇರಿದರೆ ಗದ್ದಲ. ಅದಕ್ಕೇ ಮಂಡಳಿ ಇತ್ತು. ಯಾವ ವಿಷಯ ಸಭೆಗೆ ಬರಬೇಕು ಎಂದು 500 ಜನರ ಮಂಡಳಿ ಮೊದಲೇ ಸಿದ್ಧಪಡಿಸುತ್ತಿತ್ತು. ಅದರ ಸದಸ್ಯರೆಲ್ಲ ಚೀಟಿಯಿಂದ ಬಂದವರು. 30 ವರ್ಷ ದಾಟಿರಬೇಕು, ಅವಧಿ ಒಂದು ವರ್ಷ, ಜೀವನದಲ್ಲಿ ಎರಡು ಸಲಕ್ಕಿಂತ ಹೆಚ್ಚು ಇಲ್ಲ. ಒಂದೊಂದು ಬಣದ 50 ಜನ ವರ್ಷದ ಹತ್ತನೇ ಒಂದು ಭಾಗ ದಿನನಿತ್ಯದ ಆಡಳಿತ ನೋಡುತ್ತಿದ್ದರು. ಅವರೊಳಗೆ ಪ್ರತಿದಿನ ಒಬ್ಬನನ್ನು ಚೀಟಿ ಎತ್ತಿ ಅಧ್ಯಕ್ಷನನ್ನಾಗಿ ಮಾಡುತ್ತಿದ್ದರು. ಖಜಾನೆ ಮತ್ತು ದಾಖಲೆಗಳಿರುವ ದೇವಸ್ಥಾನಗಳ ಬೀಗದ ಕೈ, ರಾಜ್ಯದ ಮುದ್ರೆ ಒಂದು ರಾತ್ರಿ ಒಂದು ಹಗಲು ಅವನ ಬಳಿ. ಮರುದಿನ ಬೇರೆಯವನು. ಒಬ್ಬನಿಗೆ ಜೀವನದಲ್ಲಿ ಒಂದೇ ಸಲ ಈ ಅವಕಾಶ. ಅಂದರೆ ಒಬ್ಬ ಕುಂಬಾರನೋ ಆಲಿವ್ ಬೆಳೆಯುವ ರೈತನೋ ಒಂದು ದಿನ ಅಥೆನ್ಸಿನ ಮುಖ್ಯಸ್ಥ ಆಗಬಹುದಿತ್ತು, ಆಗುತ್ತಲೂ ಇದ್ದರು.

## ಚೀಟಿ ಎತ್ತುವ ಯಂತ್ರ

ಚೀಟಿ ಅಂದರೆ ಮಡಕೆಯೊಳಗೆ ಕೈ ಹಾಕುವುದು ಅಂತ ಅಂದುಕೊಳ್ಳಬೇಡಿ. ಅದಕ್ಕೆ ಕ್ಲೆರೊಟೀರಿಯನ್ ಎಂಬ ಕಲ್ಲಿನ ಯಂತ್ರವೇ ಇತ್ತು. ಅದರ ತುಣುಕುಗಳು ಅಥೆನ್ಸಿನ ಅಗೋರಾ ವಸ್ತುಸಂಗ್ರಹಾಲಯದಲ್ಲಿವೆ. ನೆಟ್ಟಗೆ ನಿಲ್ಲಿಸಿದ ಕಲ್ಲಿನ ಚಪ್ಪಡಿ, ಅದರ ಮೇಲೆ ಸಾಲು ಸಾಲಾಗಿ ಕೊರೆದ ಸಣ್ಣ ಸೀಳುಗಳು. ನಾಗರಿಕನ ಹೆಸರು, ತಂದೆಯ ಹೆಸರು, ಡೀಮ್ ಬರೆದ ತೆಳ್ಳನೆಯ ಪಟ್ಟಿಯನ್ನು ಆ ಸೀಳಿಗೆ ಸಿಕ್ಕಿಸುತ್ತಾರೆ. ಚಪ್ಪಡಿಯ ಪಕ್ಕದ ಕೊಳವೆಗೆ ಬಿಳಿ ಮತ್ತು ಕಪ್ಪು ಗುಂಡುಗಳನ್ನು ಸುರಿಯುತ್ತಾರೆ. ಕೆಳಗಿನಿಂದ ಒಂದೊಂದೇ ಗುಂಡು ಹೊರಗೆ ಬೀಳುತ್ತದೆ. ಬಿಳಿ ಬಂದರೆ ಮೊದಲ ಅಡ್ಡಸಾಲಿನವರೆಲ್ಲ ಆಯ್ಕೆ, ಕಪ್ಪು ಬಂದರೆ ಅವರೆಲ್ಲ ಮನೆಗೆ. ಹೀಗೇ ಮುಂದಿನ ಸಾಲು. ಯಾರಿಗೂ ಕೈಚಳಕ ತೋರಿಸಲು ಜಾಗವಿಲ್ಲ. ಈ ಹೆಸರಿನ ಕಂಚಿನ ಪಟ್ಟಿಗಳು ಹೆಚ್ಚಾಗಿ ಸಿಕ್ಕಿರುವುದು ಸಮಾಧಿಗಳಲ್ಲಿ. ಜನ ಅದನ್ನು ಜೊತೆಗೆ ಇಟ್ಟು ಹೂಳುವಷ್ಟು ಬೆಲೆ ಕೊಟ್ಟಿದ್ದರು.

ವರ್ಷಕ್ಕೆ ಸುಮಾರು 700 ಹುದ್ದೆಗಳು. ಸಂತೆಯ ಅಳತೆ ತೂಕ ನೋಡುವವರು, ರಸ್ತೆ ನೋಡುವವರು, ಹಬ್ಬ ನಡೆಸುವವರು, ಬಹುಪಾಲು ಎಲ್ಲವೂ ಚೀಟಿಯಿಂದ. ಯಾಕೆ? ಚುನಾವಣೆ ಇಟ್ಟರೆ ಹೆಸರಿದ್ದವನು, ದುಡ್ಡಿದ್ದವನು, ಚೆನ್ನಾಗಿ ಮಾತಾಡುವವನು ಗೆಲ್ಲುತ್ತಾನೆ ಎಂದು ಅವರಿಗೆ ಗೊತ್ತಿತ್ತು. ಚೀಟಿಗೆ ಯಾರ ಮುಖವೂ ಗೊತ್ತಿಲ್ಲ, ಅದಕ್ಕೆ ಲಂಚವನ್ನೂ ಕೊಡಲಾಗದು. ಯುದ್ಧದ ವಿಷಯದಲ್ಲಿ ಮಾತ್ರ ಅವರು ಹಾಗೆ ಮಾಡಲಿಲ್ಲ. ಹತ್ತು ಸೇನಾಪತಿಗಳನ್ನು ಪ್ರತಿವರ್ಷ ಮತ ಹಾಕಿ ಆರಿಸುತ್ತಿದ್ದರು, ಎಷ್ಟು ಸಲ ಬೇಕಾದರೂ ಆರಿಸಬಹುದಿತ್ತು. ಪೆರಿಕ್ಲೀಸ್ ಸತತ 15 ವರ್ಷ ಸೇನಾಪತಿಯಾಗಿದ್ದ. ಅವನ ಪ್ರಭಾವವೆಲ್ಲ ಆ ಹುದ್ದೆಯಿಂದ ಮತ್ತು ಮಾತಿನಿಂದ ಬಂದದ್ದು.

ಚೀಟಿ ಬಿದ್ದವನು ಅಯೋಗ್ಯನಾಗಿದ್ದರೆ? ಅದಕ್ಕೂ ಏರ್ಪಾಡು ಇತ್ತು. ಹುದ್ದೆಗೆ ಬರುವ ಮುಂಚೆ ವಿಚಾರಣೆ. ದೊಡ್ಡ ಹುದ್ದೆಗೆ ಕೇಳುತ್ತಿದ್ದ ಪ್ರಶ್ನೆಗಳು ಉಳಿದಿವೆ: ನಿನ್ನ ತಂದೆ ಯಾರು, ತಾಯಿಯ ತಂದೆ ಯಾರು, ನಿಮ್ಮ ಮನೆತನದ ಸಮಾಧಿಗಳು ಎಲ್ಲಿವೆ, ಅಪ್ಪ ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯಾ, ತೆರಿಗೆ ಕಟ್ಟಿದ್ದೀಯಾ, ಯುದ್ಧಕ್ಕೆ ಹೋಗಿದ್ದೀಯಾ. ಕೆಲಸವನ್ನು ಒಬ್ಬನಿಗೇ ಕೊಡದೆ ಸಾಮಾನ್ಯವಾಗಿ ಹತ್ತು ಜನರ ತಂಡಕ್ಕೆ ಕೊಡುತ್ತಿದ್ದರು. ಅವಧಿ ಮುಗಿದ ಮೇಲೆ ಪೈಸೆ ಪೈಸೆಗೂ ಲೆಕ್ಕ. ಲೆಕ್ಕ ಒಪ್ಪಿಗೆಯಾಗುವವರೆಗೆ ಅವನು ಊರು ಬಿಟ್ಟು ಹೋಗುವಂತಿಲ್ಲ, ಉಯಿಲು ಬರೆಯುವಂತಿಲ್ಲ. ನಮ್ಮ ಚುನಾವಣೆಗಳಲ್ಲಿ ಚೀಟಿ ಎತ್ತುವುದು ಮುಖ್ಯವಾಗಿ ಇಬ್ಬರು ಅಭ್ಯರ್ಥಿಗಳಿಗೆ ಸಮ ಮತ ಬಂದಾಗ. ಅಲ್ಲಿ ಅದೇ ಸಾಮಾನ್ಯ ದಾರಿ.

ನ್ಯಾಯಾಲಯವೂ ಹೀಗೆಯೇ. ವರ್ಷಕ್ಕೆ 6,000 ಜನರ ಪಟ್ಟಿ. ಮೊಕದ್ದಮೆಗೆ ತಕ್ಕಂತೆ 201, 401, 501 ಜನ ಕೂರುತ್ತಿದ್ದರು. ತೀರ್ಪು ಹೇಳುವ ನ್ಯಾಯಾಧೀಶ ಇಲ್ಲ, ವಕೀಲ ಇಲ್ಲ. ವಾದಿ ಪ್ರತಿವಾದಿ ತಾವೇ ಮಾತಾಡಬೇಕು, ಮಣ್ಣಿನ ಪಾತ್ರೆಯಿಂದ ನೀರು ಸೋರಿ ಮುಗಿಯುವಷ್ಟು ಹೊತ್ತು. ಮತ ಹಾಕಲು ಪ್ರತಿಯೊಬ್ಬನಿಗೂ ಎರಡು ಕಂಚಿನ ಬಿಲ್ಲೆ. ಒಂದರ ನಡುವಿನ ಕಡ್ಡಿ ಟೊಳ್ಳು, ಇನ್ನೊಂದರದ್ದು ಗಟ್ಟಿ. ಹೆಬ್ಬೆರಳು ತೋರುಬೆರಳ ನಡುವೆ ಕಡ್ಡಿಯ ತುದಿ ಮುಚ್ಚಿ ಹಿಡಿದರೆ ಯಾವುದು ಹಾಕಿದ ಎಂದು ಪಕ್ಕದವನಿಗೂ ಗೊತ್ತಾಗದು. ಗುಪ್ತ ಮತದಾನಕ್ಕೆ ಇದಕ್ಕಿಂತ ಸರಳ ಉಪಾಯ ಇರಲಾರದು.

ಯಾರಾದರೂ ಅತಿಯಾಗಿ ಬೆಳೆದು ಅಪಾಯ ಎನಿಸಿದರೆ ಮಡಕೆ ಚೂರಿನ ಮೇಲೆ ಅವನ ಹೆಸರು ಗೀಚಿ ಮತ ಹಾಕುವ ಪದ್ಧತಿಯೂ ಇತ್ತು. ಒಟ್ಟು 6,000 ಚೂರು ಬಿದ್ದರೆ ಹೆಚ್ಚು ಸಲ ಹೆಸರು ಬಂದವನು ಹತ್ತು ವರ್ಷ ಊರು ಬಿಡಬೇಕು. ಅವನ ಆಸ್ತಿ ಹಾಗೇ ಇರುತ್ತಿತ್ತು. ಸಲಾಮಿಸ್ ಗೆಲ್ಲಿಸಿದ ಥೆಮಿಸ್ಟೊಕ್ಲೀಸ್ ಕೂಡ ಹೀಗೆ ಹೋದವನೇ. ಅಕ್ರೊಪೊಲಿಸ್ ಬಳಿಯ ಒಂದು ಬಾವಿಯಲ್ಲಿ ಅವನ ಹೆಸರಿದ್ದ ಸುಮಾರು 190 ಚೂರು ಸಿಕ್ಕವು. ಕೈಬರಹ ನೋಡಿದರೆ ಬರೆದವರು ಹದಿನಾಲ್ಕು ಜನರಷ್ಟೇ. ಯಾರೋ ಮೊದಲೇ ಬರೆಸಿ ಹಂಚಲು ಇಟ್ಟುಕೊಂಡಿದ್ದರು.

## ಹೊರಗೆ ನಿಂತವರು

ಈಗ ಕಹಿ ಭಾಗ. ಎಲ್ಲರು ಎಂದರೆ ಎಲ್ಲರೂ ಅಲ್ಲ. ಹೆಂಗಸರಿಗೆ ಮತ ಇರಲಿಲ್ಲ. ಕ್ರಿ.ಪೂ. 451ರ ಪೆರಿಕ್ಲೀಸನ ಕಾನೂನಿನ ಪ್ರಕಾರ ತಂದೆ ತಾಯಿ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ಮಗ ನಾಗರಿಕ. ತಾಯಿಯ ಹುಟ್ಟು ಲೆಕ್ಕಕ್ಕೆ ಬಂತು, ತಾಯಿಯ ಮಾತು ಬರಲಿಲ್ಲ. ತಲೆಮಾರುಗಳಿಂದ ಅಲ್ಲೇ ದುಡಿದು ತೆರಿಗೆ ಕಟ್ಟಿದ ಹೊರಗಿನವರಿಗೂ ಹಕ್ಕಿಲ್ಲ. ಗುಲಾಮರಂತೂ ಸಾವಿರಾರು. ನೌಕೆಗಳಿಗೆ ದುಡ್ಡು ಕೊಟ್ಟ ಲಾರಿಯನ್ ಬೆಳ್ಳಿಯನ್ನು ನೆಲದಡಿಯ ಕತ್ತಲಿನಲ್ಲಿ ಕೊರೆದವರು ಗುಲಾಮರು. ಹುಟ್ಟು ಹಾಕಿದ ಬಡವನಿಗೆ ಅಧಿಕಾರ ಸಿಕ್ಕಿತು, ಆ ಹಡಗಿಗೆ ಬೆಳ್ಳಿ ತೆಗೆದವನಿಗೆ ಸಿಗಲಿಲ್ಲ. ಕ್ರಿ.ಪೂ. 5ನೇ ಶತಮಾನದಲ್ಲಿ ಹಕ್ಕಿದ್ದ ಗಂಡಸರು ಅಂದಾಜು 30,000ದಿಂದ 60,000. ಒಟ್ಟು ಜನ ಅದರ ಹಲವು ಪಟ್ಟು.

ಇಂಥ ಸ್ವಯಮಾಡಳಿತ ಗ್ರೀಸಿನಲ್ಲಿ ಮಾತ್ರ ಇತ್ತಾ? ಇಲ್ಲ. ಅಲೆಕ್ಸಾಂಡರನ ದಂಡಯಾತ್ರೆ ಬರೆದ ಅರಿಯನ್, ಸಿಂಧೂ ನದಿಯ ಆಚೆಯ ನೈಸಾ ಎಂಬ ಊರನ್ನು ರಾಜನಿಲ್ಲದೆ 300 ಜನ ಆಳುತ್ತಿದ್ದರು ಎನ್ನುತ್ತಾನೆ. ತಮಿಳುನಾಡಿನ ಉತ್ತರಮೇರೂರಿನ 10ನೇ ಶತಮಾನದ ಶಾಸನದಲ್ಲಿ ಊರ ಸಮಿತಿಗಳಿಗೆ ಮಡಕೆಯಿಂದ ಓಲೆ ಎತ್ತಿ ಆರಿಸುವ ನಿಯಮಗಳಿವೆ. ಅಥೆನ್ಸಿನ ವಿಶೇಷ ಎಂದರೆ ಬಡವನನ್ನೂ ಒಳಗೆ ಬಿಟ್ಟದ್ದು, ಮತ್ತು ಅದನ್ನೆಲ್ಲ ವಿವರವಾಗಿ ಬರೆದಿಟ್ಟದ್ದು. ಅಥೆನ್ಸಿನ ಆಡಳಿತದ ಬಗ್ಗೆ ಅರಿಸ್ಟಾಟಲ್ ಅಥವಾ ಅವನ ಶಿಷ್ಯರು ಬರೆದ ಗ್ರಂಥ ನಮಗೆ ಸಿಕ್ಕಿದ್ದು ಈಜಿಪ್ಟಿನಲ್ಲಿ. ಒಂದು ಜಮೀನಿನ ಲೆಕ್ಕಪತ್ರದ ಹಿಂಬದಿಯಲ್ಲಿ ಯಾರೋ ಅದನ್ನು ನಕಲು ಮಾಡಿಕೊಂಡಿದ್ದರು. ಅದು ಅಚ್ಚಾದದ್ದು 1891ರಲ್ಲಿ.

## ಸಭೆ ತಪ್ಪು ಮಾಡಿದಾಗ

ಜನರೇ ನೇರವಾಗಿ ತೀರ್ಮಾನಿಸಿದರೆ ಏನಾಗಬಹುದು ಎನ್ನುವುದಕ್ಕೆ ಕ್ರಿ.ಪೂ. 427ರ ಮಿಟಿಲೀನಿ ಪ್ರಸಂಗ ನೋಡಬೇಕು. ಲೆಸ್ಬೋಸ್ ದ್ವೀಪದ ಈ ಊರು ಅಥೆನ್ಸಿನ ವಿರುದ್ಧ ದಂಗೆ ಎದ್ದು ಸೋತಿತು. ಅಥೆನ್ಸಿನ ಸಭೆ ಸಿಟ್ಟಿನಲ್ಲಿ ಅಲ್ಲಿನ ಗಂಡಸರನ್ನೆಲ್ಲ ಕೊಂದು, ಹೆಂಗಸರು ಮಕ್ಕಳನ್ನು ಮಾರಬೇಕೆಂದು ನಿರ್ಣಯಿಸಿತು. ಆದೇಶ ಹೊತ್ತ ನೌಕೆ ಹೊರಟಿತು. ಬೆಳಗಾಗುವ ಹೊತ್ತಿಗೆ ಜನರಿಗೆ ಪಶ್ಚಾತ್ತಾಪ. ಮತ್ತೆ ಸಭೆ. ಎಲ್ಲರನ್ನೂ ಕೊಲ್ಲಲೇಬೇಕು ಎಂದು ಕ್ಲಿಯಾನ್ ವಾದಿಸಿದ, ಕೊಂದರೆ ನಮಗೇನು ಲಾಭ ಎಂದು ಡಯೊಡೊಟಸ್ ಕೇಳಿದ. ತೀರಾ ಕಡಿಮೆ ಅಂತರದಲ್ಲಿ ನಿರ್ಣಯ ರದ್ದಾಯಿತು.

ಎರಡನೇ ನೌಕೆ ಸುಮಾರು ಒಂದು ಹಗಲು ಒಂದು ರಾತ್ರಿ ಹಿಂದಿತ್ತು. ಮಿಟಿಲೀನಿಯ ದೂತರು ಹುಟ್ಟು ಹಾಕುವವರಿಗೆ ವೈನ್, ಬಾರ್ಲಿ ಹಿಟ್ಟು ಕೊಟ್ಟರು. ಅವರು ಹಿಟ್ಟನ್ನು ವೈನು ಎಣ್ಣೆಯಲ್ಲಿ ಕಲಸಿ, ಹುಟ್ಟು ಬಿಡದೆ ತಿನ್ನುತ್ತಾ, ಸರದಿಯಲ್ಲಿ ನಿದ್ದೆ ಮಾಡುತ್ತಾ ಹೋದರು. ಮೊದಲ ನೌಕೆಯವರಿಗೆ ತಾವು ಹೊರಟ ಕೆಲಸವೇ ಅಸಹ್ಯ, ಅವರು ನಿಧಾನವಾಗಿ ಹೋಗಿದ್ದರು. ಅಲ್ಲಿನ ಸೇನಾಪತಿ ಮೊದಲ ಆದೇಶ ಓದಿ ಮುಗಿಸುವಷ್ಟರಲ್ಲಿ ಎರಡನೆಯದು ತಲುಪಿತು. ಊರು ಉಳಿಯಿತು. ಆದರೂ ದಂಗೆಗೆ ಕಾರಣರೆಂದು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದರು ಎಂದು ಇತಿಹಾಸಕಾರ ಥೂಸಿಡಿಡೀಸ್ ಬರೆಯುತ್ತಾನೆ.

ಇನ್ನೊಮ್ಮೆ ತಿದ್ದಿಕೊಳ್ಳಲು ಸಮಯ ಸಿಗಲಿಲ್ಲ. ಕ್ರಿ.ಪೂ. 406ರಲ್ಲಿ ಆರ್ಗಿನೂಸಿ ನೌಕಾಯುದ್ಧ ಗೆದ್ದ ಸೇನಾಪತಿಗಳಿಗೆ ಬಿರುಗಾಳಿಯಿಂದಾಗಿ, ಮುಳುಗುತ್ತಿದ್ದ ತಮ್ಮವರನ್ನು ಕಾಪಾಡಲು ಆಗಲಿಲ್ಲ. ಅದಕ್ಕಾಗಿ ಸಭೆಯವರು ಎಂಟು ಜನರಿಗೂ ಒಂದೇ ಮತದಲ್ಲಿ ಮರಣದಂಡನೆ ಕೊಟ್ಟರು. ಇದು ಕಾನೂನಿಗೆ ವಿರುದ್ಧ ಎಂದು ಆ ದಿನ ಎದ್ದು ಹೇಳಿದವರಲ್ಲಿ ಮಂಡಳಿಗೆ ಬಂದಿದ್ದ ಸಾಕ್ರಟೀಸ್ ಒಬ್ಬ. ಕೈಗೆ ಸಿಕ್ಕ ಆರು ಜನರನ್ನು ಕೊಂದರು. ಏಳು ವರ್ಷದ ನಂತರ ಕ್ರಿ.ಪೂ. 399ರಲ್ಲಿ ಸುಮಾರು 500 ಜನರ ನ್ಯಾಯಾಲಯ ಸಾಕ್ರಟೀಸನಿಗೂ ಮರಣದಂಡನೆ ಕೊಟ್ಟಿತು. ಅವನ ಶಿಷ್ಯ ಪ್ಲೇಟೊ ಪ್ರಜಾಪ್ರಭುತ್ವವನ್ನು ಯಾಕೆ ನಂಬಲಿಲ್ಲ ಎಂಬುದಕ್ಕೆ ಇದು ಒಂದು ಕಾರಣ.

## ಎಷ್ಟು ದಿನ ಉಳಿಯಿತು?

ಕ್ರಿ.ಪೂ. 411ರಲ್ಲಿ 400 ಜನ ಒಲಿಗಾರ್ಕರು ಕೆಲವು ತಿಂಗಳು ಅಧಿಕಾರ ಕಿತ್ತುಕೊಂಡರು. 404ರಲ್ಲಿ ಸ್ಪಾರ್ಟಾ ಎದುರು ಸೋತ ಮೇಲೆ ಮೂವತ್ತು ಜನರ ಗುಂಪು ಕುಳಿತು ಸುಮಾರು 1,500 ಜನರನ್ನು ಕೊಂದಿತು. ಮರುವರ್ಷವೇ ಜನ ಅವರನ್ನು ಸೋಲಿಸಿ ಮರಳಿ ಬಂದರು. ಬಂದವರು ಸೇಡು ತೀರಿಸಿಕೊಳ್ಳಲಿಲ್ಲ. ಮುಖ್ಯ ಅಪರಾಧಿಗಳನ್ನು ಬಿಟ್ಟು ಉಳಿದವರ ಮೇಲೆ ಹಳೆಯದನ್ನು ಎತ್ತಿ ಆಡುವಂತಿಲ್ಲ ಎಂದು ಪ್ರಮಾಣ ಮಾಡಿದರು. ಕಾನೂನುಗಳನ್ನು ಪರಿಶೀಲಿಸಿ ಮತ್ತೆ ಬರೆದರು. ಒಂದೇ ದಿನದ ಸಿಟ್ಟಿನಲ್ಲಿ ಸಭೆ ಕಾನೂನು ಬದಲಿಸದಂತೆ ಹೊಸ ಕ್ರಮ ತಂದರು. ಸಭೆಗೆ ಬಂದವರಿಗೂ ಈಗ ಕೂಲಿ ಸಿಗತೊಡಗಿತು.

ಹೀಗೆ ನಡುವೆ ಎರಡು ಸಲ ಮುರಿದರೂ ಒಟ್ಟು ಸುಮಾರು 185 ವರ್ಷ ಅದು ನಡೆಯಿತು. ಕ್ರಿ.ಪೂ. 322ರಲ್ಲಿ ಮೆಸಿಡೋನಿಯದ ಆಂಟಿಪೇಟರ್ ಅಥೆನ್ಸನ್ನು ಸೋಲಿಸಿದ. ಅವನು ಸಭೆಯನ್ನು ಮುಚ್ಚಲಿಲ್ಲ. ಬಂದರಿನ ಬಳಿ ಸೈನ್ಯ ಇಟ್ಟು ಒಂದು ಷರತ್ತು ಹಾಕಿದ: 2,000 ಡ್ರಾಕ್ಮಾ (ಗ್ರೀಕರ ಬೆಳ್ಳಿ ನಾಣ್ಯ) ಆಸ್ತಿ ಇದ್ದವರಿಗೆ ಮಾತ್ರ ಹಕ್ಕು. ಹಕ್ಕು ಕಳೆದುಕೊಂಡ ಬಡವರು 12,000ಕ್ಕೂ ಹೆಚ್ಚು ಎಂದು ಪ್ಲುಟಾರ್ಕ್ ಬರೆದಿದ್ದಾನೆ. ಅವರಲ್ಲಿ ಎಷ್ಟೋ ಮಂದಿಯನ್ನು ಜಮೀನು ಕೊಡುತ್ತೇವೆಂದು ದೂರದ ಥ್ರೇಸಿಗೆ ಕಳಿಸಿದರು.